ಕಸ ಬಂತು, ಸಾಹೇಬರು ಬಂದರು

(ಒಂದು ಪದವಿ ಕಾಲೇಜಿನ ಕನ್ನಡ ವಿಭಾಗದವರು ಕರೆದಾಗ ಆಡಿದ ಮಾತು ಇದು. ಬರೆಯುವಾಗ ಒಂದಿಷ್ಟು ಕತ್ತರಿಸಿದ್ದೇನೆ, ಅಲ್ಲಿ ಹೇಳಲು ಮರೆತದ್ದನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಬೀದಿಗೆ ಬೆಳಗ್ಗೆ ಏಳು, ಏಳೂಕಾಲಿಗೆ ಕಸದ ಗಾಡಿ ಬರುತ್ತದೆ. ಆಟೋ ಟಿಪ್ಪರ್. ಅದರ ತಲೆ ಮೇಲೊಂದು ಸ್ಪೀಕರ್, ಅದರಲ್ಲಿ ದಿನಾ ಅದೇ ಹಾಡು. ಹಾಡು ತಿರುವಿನಲ್ಲಿ ಕೇಳಿಸುತ್ತಿದ್ದ ಹಾಗೇ ಎದುರುಮನೆಯಿಂದ ಕೂಗು ಏಳುತ್ತದೆ: "ಕಸ ಬಂತು!" ಆಮೇಲೆ ಪಕ್ಕದ ಮನೆ. ಆಮೇಲೆ ಮಹಡಿ ಮನೆ. "ಕಸ ಬಂತು ಕಣೇ, ಬಕೆಟ್ ಎಲ್ಲಿಟ್ಟೆ?" ನಾನೂ ಎಷ್ಟೋ ವರ್ಷ ಹೀಗೇ ಕೂಗಿದವನು.

ಒಂದು ದಿನ ಬಕೆಟ್ ಹಿಡಿದು ಮೆಟ್ಟಿಲು ಇಳಿಯುವಾಗ ತಲೆಗೆ ಹೊಳೆಯಿತು. ಕಸ ಎಲ್ಲಿ ಬಂತು? ಕಸ ನನ್ನ ಕೈಯಲ್ಲೇ ಇದೆ. ರಾತ್ರಿ ಬಿಡಿಸಿದ ಅವರೆಕಾಯಿ ಸಿಪ್ಪೆ, ಟೀ ಚರಟ, ಒದ್ದೆ ಹಾಲಿನ ಕವರು. ಬಂದದ್ದು ಇಬ್ಬರು ಮನುಷ್ಯರು. ಒಬ್ಬರು ಗಾಡಿ ಓಡಿಸುವವರು, ಇನ್ನೊಬ್ಬರು ಬಕೆಟ್ ಇಸಿದುಕೊಂಡು ಸುರಿಯುವ ಹೆಂಗಸು. "ಕಸ ಬಂತು" ಅನ್ನೋ ಎರಡು ಪದದ ವಾಕ್ಯದಲ್ಲಿ ಆ ಇಬ್ಬರಿಗೂ ಜಾಗವೇ ಇಲ್ಲ. ನಾವು ಬೈದಿಲ್ಲ. ಕೆಟ್ಟ ಪದ ಬಳಸಿಲ್ಲ. ಆದರೂ ಇಬ್ಬರು ಮನುಷ್ಯರು ಮಾಯವಾಗಿದ್ದಾರೆ.

"ನಾವು ಆಡುವ ಪದ ಮತ್ತು ಸಮಾಜ" ಅಂತ ನನಗೆ ವಿಷಯ ಕೊಟ್ಟಿದ್ದೀರಿ. ನಾನು ವಿದ್ವಾಂಸನಲ್ಲ. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರ ಕಾಪಿ ತಿದ್ದಿ ತಿದ್ದಿ ನಿವೃತ್ತನಾದವನು. ಅದಕ್ಕೇ ದೊಡ್ಡ ಸಿದ್ಧಾಂತ ಬೇಡ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಜನರಿಗೆ ಇಡುವ ಹೆಸರು ಬದಲಾಯಿಸುವುದು ಸುಲಭ, ಒಂದು ಸರ್ಕಾರಿ ಆದೇಶ ಸಾಕು. ಆದರೆ ಆ ಹೆಸರಿನ ಮುಂದೆ ಬರುವ ಕ್ರಿಯಾಪದದ ಬಾಲ ಇದೆಯಲ್ಲ, ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನಮ್ಮ ಮನಸ್ಸು ಇರುವುದು ಆ ಬಾಲದಲ್ಲಿ.

ಇಂಗ್ಲಿಷಿನಲ್ಲಿ ರಾಜ ಬಂದರೂ ಆಳು ಬಂದರೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಹಾಗಲ್ಲ. ಬಂದ, ಬಂದಳು, ಬಂತು, ಬಂದರು. ಯಾರೋ ಬಾಗಿಲು ತಟ್ಟಿದರು ಅಂದುಕೊಳ್ಳಿ. ನೀವು ಹೋಗಿ ನೋಡಿ ಬಂದು ಒಳಗಿದ್ದವರಿಗೆ ಹೇಳಬೇಕು. "ಪ್ಲಂಬರ್ ಬಂದಿದಾನೆ." "ಮ್ಯಾನೇಜರ್ ಬಂದಿದಾರೆ." ಇಬ್ಬರೂ ನಿಮಗೆ ಗುರುತಿಲ್ಲ. ಇಬ್ಬರ ವಯಸ್ಸೂ ಒಂದೇ ಇರಬಹುದು. ಆದರೆ ವಾಕ್ಯ ಮುಗಿಸಬೇಕಾದರೆ ಯಾರು ಮೇಲೆ, ಯಾರು ಕೆಳಗೆ ಅಂತ ಒಂದು ತೀರ್ಪು ಕೊಡಲೇಬೇಕು. ಕೊಡದೆ ಕನ್ನಡದಲ್ಲಿ ವಾಕ್ಯ ಮುಗಿಯುವುದಿಲ್ಲ. ದಿನಕ್ಕೆ ಎಷ್ಟು ಸಲ ಈ ತೀರ್ಪು ಕೊಡುತ್ತೇವೋ ಲೆಕ್ಕ ಇಟ್ಟವರಿಲ್ಲ. ಕೊಡುತ್ತಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಎಂಟನೇ ವಯಸ್ಸಿಗೆ. ಯಾರೂ ಪಾಠ ಮಾಡಲಿಲ್ಲ.

ನಮ್ಮದು ಹಳೇ ಮೈಸೂರು ಕಡೆಯ ಹಳ್ಳಿ. ಸುಗ್ಗಿ ಕಾಲ. ಕಣದಲ್ಲಿ ರಾಗಿ ಹುಲ್ಲಿನ ಮೆದೆ ಒಟ್ಟುತ್ತಿದ್ದರು. ಮನೆಯಿಂದ ಮಜ್ಜಿಗೆ ತೆಗೆದುಕೊಂಡು ಹೋಗುವ ಕೆಲಸ ನನ್ನದು. ಕಣದ ಅಂಚಿಗೆ ನಿಂತು ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರನ್ನು ಕರೆದೆ: "ಬಾರೋ, ಮಜ್ಜಿಗೆ ತಂದಿದೀನಿ." ಅವರಿಗೆ ಅರವತ್ತು ದಾಟಿತ್ತು. ನಮ್ಮ ತಾತನ ಜೊತೆಗಾರರು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕಂಕುಳಿಗೆ ಸೇರಿಸಿಕೊಂಡು, "ಬಂದೆ ಬುದ್ಧೀ" ಅಂತ ಹತ್ತಿರ ಬಂದರು. ಬೊಗಸೆ ಒಡ್ಡಿದರು. ನಾನು ಚೊಂಬು ಎತ್ತರ ಹಿಡಿದು ಸುರಿದೆ. ಎತ್ತರ ಹಿಡಿಯಬೇಕು ಅನ್ನುವುದೂ ನನಗೆ ಗೊತ್ತಿತ್ತು.

ಆ "ಬುದ್ಧಿ" ಅನ್ನೋ ಪದ ನೋಡಿ. ಎಂಟು ವರ್ಷದ, ಮೂಗು ಸುರಿಸಿಕೊಂಡಿದ್ದ ಹುಡುಗನನ್ನು ಅರವತ್ತು ವರ್ಷದ ಮನುಷ್ಯ ಬುದ್ಧಿ ಅಂತ ಕರೆಯಬೇಕಿತ್ತು. ಯಾರ ಹತ್ತಿರ ಬುದ್ಧಿ ಇತ್ತು, ಹೇಳಿ? ಮಳೆ ಯಾವಾಗ ಬರುತ್ತದೆ, ಮೆದೆ ಹೇಗೆ ಒಟ್ಟಿದರೆ ನೀರು ಒಳಗೆ ಇಳಿಯುವುದಿಲ್ಲ, ಎಲ್ಲ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಎರಡೇ. ಚೊಂಬು ಎತ್ತರ ಹಿಡಿಯುವುದು, ಬಾರೋ ಅನ್ನುವುದು.

ಕಾಲ ಬದಲಾಯಿತು ಅಂತೀರಿ. ಹೌದು, ಚೊಂಬು ಹೋಯಿತು. ಬಾರೋ ಹೋಯಿತಾ?

ಡೆಸ್ಕಿನ ಕಥೆ ಹೇಳುತ್ತೇನೆ. ಪತ್ರಿಕೆ ಕನ್ನಡದಲ್ಲಿ ಮೂರು ಮೆಟ್ಟಿಲಿವೆ. ಕೆಳಗೆ "ಅವನು, ಅವಳು". ನಡುವೆ "ಆತ, ಆಕೆ". ಮೇಲೆ "ಅವರು". ನಡುವಿನ ಮೆಟ್ಟಿಲು ಬಹಳ ಅನುಕೂಲ. ಅಗೌರವ ಅಂತ ಯಾರೂ ಬೆರಳು ತೋರಿಸುವಂತಿಲ್ಲ, ಗೌರವ ಕೊಟ್ಟ ಖರ್ಚೂ ಇಲ್ಲ. ಯಾರು ಯಾವ ಮೆಟ್ಟಿಲಿಗೆ ಅಂತ ಎಲ್ಲೂ ಬರೆದಿರಲಿಲ್ಲ. ಆದರೂ ಹೊಸದಾಗಿ ಸೇರಿದ ಹುಡುಗರು ವಾರದಲ್ಲೇ ಕಲಿಯುತ್ತಿದ್ದರು.

ಒಂದು ರಾತ್ರಿ ಒಂದೇ ಪುಟಕ್ಕೆ ಎರಡು ಸುದ್ದಿ ಬಂದವು. ಒಂದು, ಬಸ್ ನಿಲ್ದಾಣದಲ್ಲಿ ಪರ್ಸ್ ಕದ್ದ ಹುಡುಗನದು. ಇನ್ನೊಂದು, ಠೇವಣಿದಾರರ ಹಣ ನುಂಗಿದ ಒಬ್ಬ ದೊಡ್ಡ ಮನುಷ್ಯರದು. ಇಬ್ಬರೂ ಆರೋಪಿಗಳು. ಇಬ್ಬರನ್ನೂ ಅವತ್ತೇ ಬಂಧಿಸಿದ್ದರು. ಕಾಪಿಯಲ್ಲಿ ಹೀಗಿತ್ತು: "ಕಳ್ಳನನ್ನು ಬಂಧಿಸಲಾಗಿದ್ದು, ಈತ ಈ ಹಿಂದೆಯೂ ಕಳವು ಮಾಡಿದ್ದ." ಇನ್ನೊಂದರಲ್ಲಿ: "ಅವರನ್ನು ವಶಕ್ಕೆ ಪಡೆಯಲಾಗಿದ್ದು, ಎದೆನೋವು ಎಂದಿದ್ದರಿಂದ ಅವರನ್ನು ಆಸ್ಪತ್ರೆಗೆ ದಾಖಲಿಸಲಾಗಿದೆ." ಪರ್ಸಿನ ಹುಡುಗ ಆಗಲೇ ಕಳ್ಳ. ಕೋರ್ಟಿನ ಕೆಲಸ ನಾವೇ ಮುಗಿಸಿಬಿಟ್ಟಿದ್ದೆವು. ಸಾವಿರಾರು ಜನರ ದುಡ್ಡು ತಿಂದವರು ಮಾತ್ರ ಇನ್ನೂ "ಅವರು".

ನಾನು ಡೆಸ್ಕಿನ ಮುಖ್ಯಸ್ಥರಾದ ಚೀಫ್ ಸಬ್ ಎಡಿಟರ್ ಹತ್ತಿರ ಹೋಗಿ, ಎರಡರಲ್ಲೂ ಒಂದೇ ಇರಲಿ ಸಾರ್ ಅಂದೆ. ಅವರು ಗಡಿಯಾರ ನೋಡಿದರು. "ಪೇಜ್ ಬಿಡೋ ಹೊತ್ತಲ್ಲಿ ವ್ಯಾಕರಣ ತಗೊಂಡ್ ಬರ್ತೀಯಲ್ಲೋ" ಅಂದರು. ಅವರು ನನಗೆ ಏಕವಚನ, ನಾನು ಅವರಿಗೆ ಬಹುವಚನ. ಪುಟ ಹಾಗೇ ಹೋಯಿತು. ತಪ್ಪು ಅವರದಷ್ಟೇ ಅಂತ ಹೇಳಲಾರೆ, ಮಾರನೇ ದಿನ ನಾನೂ ಸುಮ್ಮನಾದೆ. ಈಗಲೂ ಪೇಪರ್ ತೆರೆದರೆ ನನ್ನ ಕಣ್ಣು ಮೊದಲು ಹೋಗುವುದು ಅಪರಾಧ ಸುದ್ದಿಯ ಕ್ರಿಯಾಪದಕ್ಕೆ. ನೀವೂ ಒಂದು ವಾರ ನೋಡಿ. ಯಾರಿಗೆ ರೂ, ಯಾರಿಗೆ ನೂ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಊರಿನ ನಕ್ಷೆ ಸಿಗುತ್ತದೆ.

ಈಗ ಹೆಸರುಗಳಿಗೆ ಬರೋಣ. ಬೆಳಗಿನ ಕಸದ ಗಾಡಿಯವರಿಗೆ ಸರ್ಕಾರಿ ಹೆಸರು "ಪೌರಕಾರ್ಮಿಕ". ಒಳ್ಳೆಯ ಪದ. ಅದಕ್ಕೆ ಮುಂಚೆ ಜಾಡಮಾಲಿ, ತೋಟಿ ಅನ್ನುತ್ತಿದ್ದರು. ಅದಕ್ಕಿಂತ ಕೆಟ್ಟದ್ದೂ ಇತ್ತು, ಜಾತಿ ಹೆಸರೇ ಕೆಲಸದ ಹೆಸರು. 1970ರ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಅವರ ಸಮಿತಿ ಈ ಕೆಲಸಗಾರರ ಬದುಕು ಹೇಗಿದೆ ಅಂತ ನೋಡಿ ವರದಿ ಕೊಟ್ಟಿತು. ಕರ್ನಾಟಕದಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಮಾಡುತ್ತೇವೆ. ಶಾಲು, ಹಾರ, ಊಟ. ಮಾರನೇ ದಿನ ಮತ್ತೆ "ಕಸದವಳು ಇನ್ನೂ ಬಂದಿಲ್ಲ" ಅಂತ ಫೋನು. ಹೆಸರು ಆದೇಶದಲ್ಲಿ ಬದಲಾಯಿತು, "ಬಂದಿಲ್ಲ" ಅನ್ನುವಾಗಿನ ದನಿ ಬದಲಾಗಲಿಲ್ಲ.

ಅದೇ 1970ರ ದಶಕದ ಇನ್ನೊಂದು ಪ್ರಸಂಗವನ್ನು ನಿಮ್ಮಂಥ ಕನ್ನಡ ವಿದ್ಯಾರ್ಥಿಗಳು ತಿಳಿದಿರಲೇಬೇಕು. ದೇವರಾಜ ಅರಸು ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದರು. ಮನುಷ್ಯರು ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕು ಅಂತ ಪಟ್ಟು ಹಿಡಿದವರು. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಮಾತಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಇದೆ ಅನ್ನುವ ಅರ್ಥದ ಮಾತು ಆಡಿದರು. ಬೂಸಾ, ಅಂದರೆ ದನಕ್ಕೆ ಹಾಕೋ ಹೊಟ್ಟು. ಅಷ್ಟೇ. ಬೆಂಕಿ ಬಿತ್ತು. ಮೆರವಣಿಗೆ, ಕಲ್ಲು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕುವೆಂಪು ಅವರು ಬಸವಲಿಂಗಪ್ಪನವರ ಮಾತನ್ನು ಬೆಂಬಲಿಸಿದರು. ಆದರೂ ಬಸವಲಿಂಗಪ್ಪ ಮಂತ್ರಿ ಸ್ಥಾನ ಬಿಡಬೇಕಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಈ ರಾಜ್ಯದ ಊರೂರುಗಳಲ್ಲಿ ತಲೆತಲಾಂತರದಿಂದ ಮನುಷ್ಯರು ಮಲದ ಬಕೆಟ್ ಹೊತ್ತು ನಡೆದರು. ಮಳೆಗಾಲದಲ್ಲಿ ಅದು ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಅದಕ್ಕೆ ಒಂದು ಬಸ್ಸಿಗೂ ಕಲ್ಲು ಬೀಳಲಿಲ್ಲ. ಬೂಸಾ ಅನ್ನೋ ಎರಡು ಅಕ್ಷರಕ್ಕೆ ಬಿತ್ತು. ಪದಕ್ಕೆ ಶಕ್ತಿ ಇಲ್ಲ ಅಂತ ಹೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಪದಕ್ಕೆ ಎಷ್ಟು ಶಕ್ತಿ ಇದೆ ಅಂದರೆ, ಮಲ ಹೊರುವುದನ್ನು ಸಹಿಸಿಕೊಂಡ ಸಮಾಜ ಹೊಟ್ಟು ಅನ್ನೋ ಮಾತನ್ನು ಸಹಿಸಲಿಲ್ಲ. ಆ ಗಲಾಟೆಯಲ್ಲಿ ಪೆಟ್ಟು ತಿಂದ ತಲೆಮಾರೇ ಆಮೇಲೆ ದಲಿತ ಸಂಘರ್ಷ ಸಮಿತಿ ಕಟ್ಟಿತು, ಬಂಡಾಯ ಸಾಹಿತ್ಯ ಬರೆಯಿತು. ಬೂಸಾ ಅನ್ನಿಸಿಕೊಂಡಿದ್ದಕ್ಕೆ ಸಿಟ್ಟಾದ ಸಾಹಿತ್ಯಕ್ಕೆ ಹೊಸ ರಕ್ತ ಬಂದದ್ದು ಅಲ್ಲಿಂದ!

"ಪದ ಬದಲಾಯಿಸಿದರೆ ಹೊಟ್ಟೆ ತುಂಬುತ್ತಾ?" ಅಂತ ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ತುಂಬುವುದಿಲ್ಲ. ಆದರೆ ಯಾವ ಪದ ಅನ್ನುವುದನ್ನು ನೋಡಬೇಕು. ಪೌರಕಾರ್ಮಿಕರು 2022ರ ಜುಲೈ ಮೊದಲ ವಾರ ರಾಜ್ಯದಾದ್ಯಂತ ನಾಲ್ಕು ದಿನ ಕೆಲಸ ನಿಲ್ಲಿಸಿ ಕೂತರು. ಕೇಳಿದ್ದು ಚೆಂದದ ಹೆಸರನ್ನಲ್ಲ. "ಗುತ್ತಿಗೆ", "ನೇರ ಪಾವತಿ", "ಖಾಯಂ" ಈ ಪದಗಳ ಜಗಳ ಅದು. ಗುತ್ತಿಗೆ ಅಂದರೆ ಸಂಬಳಕ್ಕೆ ಗುತ್ತಿಗೆದಾರನ ಮುಖ ನೋಡಬೇಕು. ನೇರ ಪಾವತಿ ಅಂದರೆ ಪಾಲಿಕೆಯಿಂದಲೇ ಸಂಬಳ, ಆದರೆ ನೌಕರಿ ಗಟ್ಟಿಯಲ್ಲ. ಖಾಯಂ ಅಂದರೆ ಗೊತ್ತಲ್ಲ, ರಜೆ, ಪಿಂಚಣಿ, ಸತ್ತರೆ ಮನೆಯವರಿಗೆ ಒಂದು ಆಸರೆ. ಸರ್ಕಾರ ಖಾಯಂ ಮಾಡುತ್ತೇವೆ ಅಂತ ಮಾತು ಕೊಟ್ಟಿತು. ಹೊಟ್ಟೆ ತುಂಬಿಸುವ ಪದವೂ ಇದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮ್ಯಾನ್‌ಹೋಲ್ ಅಂತೀವಲ್ಲ, ಅದನ್ನೂ ನೋಡಿ. ಮನುಷ್ಯ ಇಳಿಯಲಿಕ್ಕೆ ಇರುವ ತೂತು ಅಂತ ಹೆಸರಿನಲ್ಲೇ ಬರೆದಿದೆ. ಕನ್ನಡದಲ್ಲಿ ಆಳುಗುಂಡಿ. ಆಳು ಅಂದರೆ ಮನುಷ್ಯ, ಆಳು ಅಂದರೆ ಕೂಲಿಯವನು, ಆಳು ಅಂದರೆ ಆಳ್ವಿಕೆ ಮಾಡು ಅಂತಲೂ ಆಗುತ್ತದೆ. ಆಳುವವರು ಯಾರೂ ಆ ಗುಂಡಿಗೆ ಇಳಿದದ್ದು ಕಾಣೆ. ಮನುಷ್ಯರಿಂದ ಮಲ ಎತ್ತಿಸಬಾರದು ಅಂತ 1993ರಲ್ಲಿ ಒಂದು ಕಾನೂನು, ಅದು ಸಾಲದೆ 2013ರಲ್ಲಿ ಇನ್ನೊಂದು. ಎರಡು ಕಾನೂನು ಆದ ಮೇಲೂ ಒಳಗೆ ಇಳಿದವರು ಉಸಿರುಗಟ್ಟಿ ಸಾಯುವುದು ನಿಂತಿಲ್ಲ. 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ಮ್ಯಾನ್‌ಹೋಲ್ ಹೋಗಿ ಮಷೀನ್‌ಹೋಲ್ ಆಗಬೇಕು ಅಂದರು. ಈ ಹೆಸರು ಬದಲಾವಣೆ ನನಗೆ ಇಷ್ಟ. ಯಾಕೆಂದರೆ ಅದು ಯಂತ್ರ ಕೇಳುತ್ತದೆ. ಯಂತ್ರ ಬರದಿದ್ದರೆ ಹೆಸರೇ ಸುಳ್ಳಾಗುತ್ತದೆ.

ಹೆಸರು ಇಡುವವರು ಯಾರು ಅನ್ನೋದು ಇನ್ನೊಂದು ಮಾತು. ಗಾಂಧೀಜಿ "ಹರಿಜನ" ಅಂದರು. 1933ರಲ್ಲಿ ಅದೇ ಹೆಸರಿನ ಪತ್ರಿಕೆ ಶುರು ಮಾಡಿದರು. ಉದ್ದೇಶ ಕೆಟ್ಟದ್ದಲ್ಲ. ಆದರೆ 1938ರಲ್ಲಿ ಮುಂಬೈ ಪ್ರಾಂತ್ಯದ ಶಾಸನಸಭೆಯಲ್ಲಿ ಮಸೂದೆಯೊಂದರಲ್ಲಿ ಆ ಪದ ಬಂದಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ಎದ್ದು ಹೊರಗೆ ನಡೆದರು. ನಮ್ಮ ಹೆಸರು ಏನಿರಬೇಕು ಅಂತ ನಮ್ಮನ್ನೇ ಕೇಳದೆ ಇಡುವುದು ಯಾವ ನ್ಯಾಯ ಅನ್ನುವುದು ಅವರ ತಕರಾರು. 1982ರಲ್ಲಿ ಕೇಂದ್ರ ಗೃಹ ಇಲಾಖೆ ಜಾತಿ ಪ್ರಮಾಣಪತ್ರಗಳಲ್ಲಿ ಹರಿಜನ ಅಂತ ಬರೆಯಬೇಡಿ ಅಂತ ಹೇಳಿತು. ಅಷ್ಟರಲ್ಲಿ "ದಲಿತ" ಬಂದಿತ್ತು. ತುಳಿತಕ್ಕೆ ಸಿಕ್ಕವರು ಅಂತ ಅರ್ಥ. ಕೇಳಲಿಕ್ಕೆ ಹರಿಜನಕ್ಕಿಂತ ಒರಟು. ಆದರೆ ತಾವೇ ಆರಿಸಿಕೊಂಡದ್ದು. ಅದರಲ್ಲಿ ಇನ್ನೂ ಒಂದು ಗುಣ ಇದೆ. ದಲಿತ ಅಂದ ಕೂಡಲೇ, ತುಳಿದವರು ಯಾರು ಅನ್ನುವ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಹರಿಜನದಲ್ಲಿ ಆ ಪ್ರಶ್ನೆ ಏಳುವುದಿಲ್ಲ, ಹರಿ ಎಲ್ಲವನ್ನೂ ಮುಚ್ಚಿಬಿಡುತ್ತಾನೆ.

ನಮ್ಮೂರಿನಲ್ಲಿ ಮೊದಲು ಕೇರಿಗೆ ಜಾತಿಯ ಹೆಸರಿತ್ತು. ಆಮೇಲೆ ಹರಿಜನ ಕೇರಿ ಆಯಿತು. ಈಗ "ಕಾಲೋನಿ". ಬೆಂಗಳೂರಿನಲ್ಲಿ ಕಾಲೋನಿ ಅಂದರೆ ಬಡಾವಣೆ, ಹಳ್ಳಿಯಲ್ಲಿ ಅಂದರೆ ಬೇರೆಯೇ. "ಅವ್ನು ಕಾಲೋನಿಯೋನು" ಅಂದರೆ ಮುಗೀತು, ಇನ್ನೇನೂ ಹೇಳಬೇಕಿಲ್ಲ. ಇಂಗ್ಲಿಷಿನ ಬಡಪಾಯಿ ಪದಕ್ಕೂ ನಾವು ಜಾತಿ ಅಂಟಿಸಿದೆವು. ತಮಿಳುನಾಡಿನಲ್ಲೂ ಇದೇ ಕಥೆ. 2025ರಲ್ಲಿ ಅಲ್ಲಿನ ಸರ್ಕಾರ ಕಾಲೋನಿ ಅನ್ನೋ ಪದವನ್ನು ದಾಖಲೆಗಳಿಂದ ತೆಗೆಯುತ್ತೇವೆ ಅಂತ ಘೋಷಿಸಿತು.

ಹೀಗೆ ಪದ ಬದಲಾಯಿಸಿದರೂ ಹಳೇ ಕೊಳೆ ಹೊಸ ಪದಕ್ಕೆ ಹತ್ತುವುದಕ್ಕೆ ನಮ್ಮ ಬೆಂಗಳೂರಿನ ಒಂದು ಆಸ್ಪತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಅದಕ್ಕೆ ಹಿಂದೆ ಲುನಾಟಿಕ್ ಅಸೈಲಮ್, ಅಂದರೆ ಹುಚ್ಚರ ಆಸ್ಪತ್ರೆ, ಅಂತ ಹೆಸರಿತ್ತು. ಆ ಪದ ಬೈಗುಳದ ಹಾಗೆ ಆಗಿದೆ ಅಂತ 1925ರಲ್ಲಿ ಮೈಸೂರು ಸರ್ಕಾರ ಮೆಂಟಲ್ ಹಾಸ್ಪಿಟಲ್ ಅಂತ ಮಾಡಿತು. ಆ ಕಾಲಕ್ಕೆ ಬಹಳ ಮುಂದುವರಿದ ಯೋಚನೆ. ಆಗ ಏನಾಯಿತು? "ಅವ್ನೊಬ್ಬ ಮೆಂಟಲ್" ಅನ್ನೋ ಬೈಗುಳ ಹುಟ್ಟಿತು. 1974ರಲ್ಲಿ ನಿಮ್ಹಾನ್ಸ್ ಆಯಿತು. ದೇಶವೇ ಹೆಮ್ಮೆ ಪಡುವ ಸಂಸ್ಥೆ. ನಾವು? "ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನಗುತ್ತೇವೆ. ಕಾನೂನಿನ ಹೆಸರೂ ಹೀಗೇ ನಡೆದಿದೆ. 1912ರಲ್ಲಿ ಲುನಸಿ ಕಾಯ್ದೆ, 1987ರಲ್ಲಿ ಮಾನಸಿಕ ಆರೋಗ್ಯ ಕಾಯ್ದೆ, 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಪುಸ್ತಕ ಮುಂದೆ ಹೋಗಿದೆ, ಬಾಯಿ ಹಿಂದೆ ಉಳಿದಿದೆ.

ಅಂಗವಿಕಲ ಅನ್ನುತ್ತಿದ್ದೆವು. ಅದು ಸರಿಯಲ್ಲ ಅಂತ ವಿಕಲಚೇತನ ಮಾಡಿದೆವು. ನನಗೆ ಪೋಲಿಯೊ ಆದ ಒಬ್ಬ ಗೆಳೆಯನಿದ್ದಾನೆ, ಬ್ಯಾಂಕಿನಲ್ಲಿದ್ದವನು. ಅವನು ಒಂದು ದಿನ ನನ್ನನ್ನು ತಡೆದು ಕೇಳಿದ: "ನೀನು ಡೆಸ್ಕಲ್ಲಿ ಕೂತವನಲ್ವಾ, ಹೇಳು. ಮೊದಲು ನನ್ನ ಅಂಗ ಮಾತ್ರ ವಿಕಲ ಆಗಿತ್ತು. ಈಗ ಚೇತನವೇ ವಿಕಲ ಅಂತಿದೀರಲ್ಲ, ಇದು ಬಡ್ತೀನೋ ಹಿಂಬಡ್ತೀನೋ?" ನಾನು ಅಲ್ಲಿಯವರೆಗೆ ಆ ಪದವನ್ನು ಬಿಡಿಸಿಯೇ ನೋಡಿರಲಿಲ್ಲ. 2015ರಲ್ಲಿ ಪ್ರಧಾನಿ ದಿವ್ಯಾಂಗ ಅನ್ನಿ ಅಂದರು. ಗೆಳೆಯ ಅದಕ್ಕೂ ನಕ್ಕ. "ದಿವ್ಯ ಆಗಿದ್ರೆ ಈ ಮೂರು ಮೆಟ್ಟಿಲು ಹಾರಿಕೊಂಡು ಹೋಗ್ತಿದ್ದೆ ಮಾರಾಯ. ಇಲ್ಲಿ ಒಂದು ಇಳಿಜಾರು ಹಾಕ್ಸಿ ಸಾಕು." ಎಲ್ಲರೂ ಹೀಗೆ ಹೇಳುತ್ತಾರೆ ಅಂತಲ್ಲ. ಕೆಲವರಿಗೆ ವಿಶೇಷಚೇತನ ಇಷ್ಟ, ಕೆಲವರಿಗೆ ಸುಮ್ನೆ ಕುರುಡ ಅಂದರೂ ಬೇಜಾರಿಲ್ಲ, ಕಣ್ಣಿಲ್ಲ ಅಂತ ತಾನೇ ಅಂತಾರೆ. ಎದುರಿಗಿದ್ದವರನ್ನೇ ಕೇಳಿಬಿಡುವುದು ವಾಸಿ.

ಬೈಗುಳದ ವಿಷಯ ಬಿಡಬೇಡಿ ಅಂತ ನಿಮ್ಮ ಮೇಷ್ಟ್ರು ಹೇಳಿದ್ದಾರೆ. (ಸಭೆಯಲ್ಲಿ ನಗು.) ಎರಡೇ ಹೇಳುತ್ತೇನೆ. ಪ್ರೀತಿಗೂ ಬಳಸುತ್ತೇವೆ, "ಅಯ್ಯೋ ಮುಂಡೇದೇ" ಅಂತ. ಸಿಟ್ಟಿಗೆ "ಬೋಳಿಮಗನೇ". ಮುಂಡೆ, ಬೋಳಿ, ಎರಡೂ ತಲೆ ಬೋಳಿಸಿದ ವಿಧವೆಯ ಹೆಸರು. ಗಂಡ ಸತ್ತ ಹೆಣ್ಣಿನ ಕೂದಲು ತೆಗೆಸಿ, ಕೆಂಪು ಸೀರೆ ಉಡಿಸಿ, ಮೂಲೆಯಲ್ಲಿ ಕೂರಿಸುತ್ತಿದ್ದ ಮನೆಗಳಿದ್ದವು. ಹದಿನಾಲ್ಕು ಹದಿನೈದರ ಹುಡುಗಿಯರನ್ನೂ. ಆ ಪದ್ಧತಿ ಹೋಯಿತು, ಪುಣ್ಯ. ಆದರೆ ಆ ಹುಡುಗಿ ಇನ್ನೂ ನಮ್ಮ ಬಾಯಲ್ಲಿ ತಲೆ ಬೋಳಿಸಿಕೊಂಡು ಕೂತಿದ್ದಾಳೆ. ಸಿಗ್ನಲ್‌ನಲ್ಲಿ ಒಬ್ಬ ಸ್ಕೂಟರ್ ಅಡ್ಡ ತಂದರೆ ನಾವು ಬೈಯುವುದು ಅವನನ್ನಲ್ಲ, ಅವಳನ್ನು. ಗಂಡಸರ ಜಗಳದಲ್ಲಿ ಯಾವತ್ತೂ ಪೆಟ್ಟು ತಿನ್ನುವುದು ಅಲ್ಲಿಲ್ಲದ ಹೆಂಗಸು.

ನನ್ನ ಕಸುಬಿನ ಪಾಪವೂ ಇದೆ. "ಗೃಹಿಣಿ ನೇಣಿಗೆ ಶರಣು." ಈ ತಲೆಬರಹವನ್ನು ನಾನೇ ಎಷ್ಟು ಸಲ ಕೊಟ್ಟಿದ್ದೇನೋ. ಸಿಂಗಲ್ ಕಾಲಂನಲ್ಲಿ ಸರಿಯಾಗಿ ಕೂರುತ್ತದೆ, ಅದೇ ಅದರ ಗುಣ. ಶರಣು ಅನ್ನುವುದು ಕನ್ನಡದಲ್ಲಿ ಎಂಥ ಪದ! ಕೈ ಜೋಡಿಸುವಾಗ ಆಡುವ ಪದ. ಅದನ್ನು ತಂದು ಹಗ್ಗಕ್ಕೆ ಕಟ್ಟಿದೆವು. ಆ ಹೆಂಗಸನ್ನು ಅಲ್ಲಿಗೆ ದೂಡಿದವರು ಯಾರು, ವರದಕ್ಷಿಣೆಯೋ ಸಾಲವೋ ಕಾಯಿಲೆಯೋ, ಏನೂ ಇಲ್ಲ. ತಾನಾಗಿ ಹೋಗಿ ಶರಣಾದಳು ಅನ್ನುವ ಹಾಗೆ. "ಮಾನಭಂಗ" ಅನ್ನುವುದೂ ಹೀಗೇ. ತಪ್ಪು ಮಾಡಿದವನ ಮಾನ ಹೋಗಬೇಕಿತ್ತು. ಹೋದದ್ದು ಅವಳದು ಅಂತ ಪದವೇ ಹೇಳುತ್ತದೆ. ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗಾಗಿ ಒಂದು ಕೈಪಿಡಿ ತಂದು, ಹೆಂಗಸರ ಬಗ್ಗೆ ತೀರ್ಪುಗಳಲ್ಲಿ ಯಾವ ಪದ ಬೇಡ, ಅದರ ಬದಲು ಯಾವುದು ಅಂತ ಪಟ್ಟಿ ಕೊಟ್ಟಿತು. ಒಳ್ಳೆಯದೇ. ಆದರೆ ಆ ಪಟ್ಟಿ ಇಂಗ್ಲಿಷಿನ ಪದಗಳದು. ನಮ್ಮ ಕಷ್ಟ ಕ್ರಿಯಾಪದದ್ದು. ಹೆಣ್ಣು "ಕೊಡುತ್ತೇವೆ", ಹೆಣ್ಣು "ತರುತ್ತೇವೆ". ಹೆಂಡತಿ "ನಮ್ಮನೆಯವರು ಬಂದರು" ಅಂತಾಳೆ, ಗಂಡ "ಇವಳು ಬಂದಳು" ಅಂತಾನೆ. ಒಂದೇ ಮಂಚ, ಒಂದೇ ಸಾಲ, ಎರಡು ವಚನ.

ಇಷ್ಟೆಲ್ಲ ಹೇಳಿ ನಾನು ಒಳ್ಳೆಯವನು ಅಂತ ತೋರಿಸಿಕೊಳ್ಳುತ್ತಿಲ್ಲ. ಈಗ ಅರ್ಧ ಗಂಟೆ ಮುಂಚೆ ಈ ವೇದಿಕೆ ಮೇಲೆ ಒಬ್ಬರು ನನಗೆ ನೀರು ತಂದಿಟ್ಟರು. ನಾನು "ಇಲ್ಲಿಡಪ್ಪ" ಅಂದೆ. ಅವರ ತಲೆಯೂ ನನ್ನಷ್ಟೇ ನರೆತಿದೆ. ಅವರ ಹಿಂದೆಯೇ ಪ್ರಾಂಶುಪಾಲರು ಬಂದರು, "ಬನ್ನಿ ಸಾರ್, ಕೂತ್ಕೊಳ್ಳಿ" ಅಂದೆ. ಎರಡು ವಾಕ್ಯದ ನಡುವೆ ಹತ್ತು ಸೆಕೆಂಡೂ ಇರಲಿಲ್ಲ.

ಮಾತು ಮುಗಿದ ಮೇಲೆ ಮಂಡ್ಯ ಕಡೆಯ ಒಬ್ಬ ವಿದ್ಯಾರ್ಥಿ ಎದ್ದು ನಿಂತರು. "ಸರ್, ನಮ್ಮನೇಲಿ ಅಪ್ಪನಿಗೂ ಏಕವಚನ, ಅಜ್ಜಿಗೂ ಏಕವಚನ. ದೇವರಿಗೂ ಬಾರೋ ಅಂತೀವಿ. ಹಾಗಾದ್ರೆ ನಮಗೆ ಗೌರವ ಇಲ್ವಾ?" ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೂ ಖುಷಿಯಾಯಿತು, ಇದು ಬರಲೇಬೇಕಾದ ಪ್ರಶ್ನೆ.

ಏಕವಚನ ಬೈಗುಳವಲ್ಲ. ಮಾದಪ್ಪನಿಗೆ ಯಾರು ಬಹುವಚನ ಹಚ್ಚುತ್ತಾರೆ? ಅಮ್ಮನನ್ನು "ಬನ್ನಿ" ಅಂದರೆ ಅಮ್ಮನಿಗೇ ಗಾಬರಿಯಾದೀತು. ಧಾರವಾಡ ಕಡೆ ಹೋದರೆ ಸಣ್ಣ ಹುಡುಗರಿಗೂ "ಏನ್ರೀ, ಬರ್ರಿ" ಅಂತಾರೆ. ಅಲ್ಲಿ ಎಲ್ಲರಿಗೂ ಸಮಾನತೆ ಬಂದುಬಿಟ್ಟಿದೆ ಅಂತಲ್ಲ. ಹೊಲದ ಆಳಿಗೆ ಅಲ್ಲೂ "ಬಾರಲೇ" ಅನ್ನುವವರಿದ್ದಾರೆ. ಹಾಗಾಗಿ ವಚನ ಯಾವುದು ಅನ್ನುವುದಕ್ಕಿಂತ ನಾನು ನೋಡುವುದು ಬೇರೆ. ಅದು ವಾಪಸ್ ಬರುತ್ತಾ? ಮಂಡ್ಯದ ಅಪ್ಪ ಮಗನಿಗೆ ಬಾರೋ ಅಂದರೆ ಮಗ "ನೀ ಬಾ" ಅನ್ನಬಹುದು. ಗೆಳೆಯನಿಗೆ ಲೋ ಅಂದರೆ ಅವನೂ ಲೋ ಅಂತಾನೆ. ಕಣದಲ್ಲಿ ನಾನು "ಬಾರೋ" ಅಂದಾಗ ಆ ಹಿರಿಯರು "ಏನೋ" ಅನ್ನಬಹುದಿತ್ತಾ? ಅಂದಿದ್ದರೆ ಅವತ್ತು ಅವರ ಗತಿ? ಅಷ್ಟೇ ಲೆಕ್ಕ.

ಇನ್ನೊಬ್ಬರು ಕೇಳಿದರು, "ಈಗ ನೀವು ಕಸದ ಗಾಡಿ ಬಂದಾಗ ಏನು ಅಂತೀರಿ ಸರ್?"

ಅದನ್ನೂ ಹೇಳಿಬಿಡುತ್ತೇನೆ. ಆ ಮೆಟ್ಟಿಲ ಮೇಲಿನ ಯೋಚನೆ ಆದ ಮಾರನೇ ದಿನ ನಾನು ಕೆಳಗಿಳಿದು ಹೋಗಿ ಆಕೆಗೆ, "ಬನ್ನಿ ಅಮ್ಮ, ಇಲ್ಲಿಂದ ತಗೊಳ್ಳಿ" ಅಂದೆ. ಹಸಿ ಕಸ, ಒಣ ಕಸ ಬೇರೆ ಮಾಡಿಯೂ ಇಟ್ಟಿದ್ದೆ. ಆಕೆ ಬಕೆಟ್ ತೆಗೆದುಕೊಳ್ಳಲಿಲ್ಲ. ಕೈಗವಸಿನ ಕೈ ಸೊಂಟಕ್ಕೆ ಇಟ್ಟು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಗೇಟಿನ ಒಳಗೆ ಇಣುಕಿ, ಹಿತ್ತಲ ಕಡೆ ಕಣ್ಣು ಹಾಯಿಸಿದರು.

"ಏನ್ ಸಾ, ಇವತ್ತು ಬನ್ನಿ ಗಿನ್ನಿ ಅಂತಿದೀರಿ," ಅಂದರು. "ತೆಂಗಿನ ಗರಿ ಏನಾದ್ರೂ ಜಾಸ್ತಿ ಬಿದ್ದಿದ್ಯಾ? ಈಗಲೇ ಹೇಳ್ತೀನಿ, ಗಾಡೀಲಿ ಜಾಗ ಇಲ್ಲ."